ಅಕ್ಕ ಮತ್ತೆ ಮತ್ತೆ ಮುಳುಗಿಸಿದ ಹೋಟೆಲು

ವಿಮಾನ ಓಡಿಸಲು ಹೋಗಿ ಅದನ್ನು ನೆಲದಿಂದ ಒಂದು ಗೇಣು ಕೂಡ ಮೇಲೆತ್ತಲಾಗದ ಪೈಲಟ್ ನಾನು. ಗಾಬರಿಪಡಬೇಡಿ, ಪ್ರಯಾಣಿಕರಿಗೆ ಏನೂ ಆಗಿಲ್ಲ. ಅದು ಕಂಪ್ಯೂಟರಿನೊಳಗಿನ ವಿಮಾನ. ತೊಂಬತ್ತರ ದಶಕದ ನಡುಭಾಗದ ಮಾತು. ವಡೋದರಾದ ಬ್ಯಾಂಕ್ ಶಾಖೆಯೊಂದರಲ್ಲಿ ನಾನು ಗುಮಾಸ್ತನಾಗಿದ್ದೆ. ಶಾಖೆಗೆ ಕಂಪ್ಯೂಟರ್ ಬರುವುದಿತ್ತು. ಮದುವೆಯಾಗದವನಿಗೆ ಮನೆಯಲ್ಲಿ ಏನು ಕೆಲಸ ಎಂದು ಮ್ಯಾನೇಜರು ನನ್ನನ್ನೇ ಹಿಡಿದು ಅಹಮದಾಬಾದಿಗೆ ತರಬೇತಿಗೆ ಕಳಿಸಿದರು. ಬರುವಾಗ ಬಿಡಿಭಾಗ ಜೋಡಿಸಿ ಮಾಡಿದ ಒಂದು ಕಂಪ್ಯೂಟರನ್ನೂ, ಅಂಗಡಿಯವನು ಪ್ರೀತಿಯಿಂದ ಕೊಟ್ಟ ವಿಮಾನದಾಟದ ಫ್ಲಾಪಿಗಳನ್ನೂ ಹೊತ್ತು ತಂದೆ. ಜೊತೆಗೊಂದು ಝೆರಾಕ್ಸ್ ಮಾಡಿದ ಕೈಪಿಡಿ ಇತ್ತು. ತೂಕದಲ್ಲಿ ಅದು ಕಂಪ್ಯೂಟರಿಗೇನೂ ಕಡಿಮೆಯಿರಲಿಲ್ಲ.

ಆ ಆಟದಲ್ಲಿ ವಿಮಾನ ಹಾರಬೇಕಾದರೆ ಮೊದಲು ಇಂಧನದ ಮಿಶ್ರಣ ಸರಿಮಾಡಬೇಕು, ರೆಕ್ಕೆಯ ಹಿಂದಿನ ಪಟ್ಟಿ ಇಳಿಸಬೇಕು, ಬ್ರೇಕು ಬಿಡಬೇಕು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಕೇಳಿಕೊಳ್ಳಬೇಕು. ಪ್ರತಿಯೊಂದಕ್ಕೂ ಒಂದೊಂದು ಕೀಲಿ. ನಾನು ಒತ್ತಿದ ಕೀಲಿಗೆ ನನ್ನ ವಿಮಾನ ರನ್‌ವೇ ಬಿಟ್ಟು ಪಕ್ಕದ ಹುಲ್ಲಿಗೆ ಇಳಿದು, ಮೇಯಲು ಬಂದ ಎಮ್ಮೆಯ ಹಾಗೆ ನಿಂತುಬಿಡುತ್ತಿತ್ತು. ಕೆಲವು ದಿನ ಹೀಗೆ ಮೇಯಿಸಿ ಬೇಸತ್ತು ಬಿಟ್ಟೆ. ನಿಜವನ್ನು ನಕಲು ಮಾಡುವ ಆಟಗಳಲ್ಲಿ ಎರಡು ಪಂಗಡವಿದೆ ಎಂದು ಆಮೇಲೆ ತಿಳಿಯಿತು. ಇರುವುದನ್ನೆಲ್ಲ ಒಂದೂ ಬಿಡದೆ ತುಂಬುವವರದು ಒಂದು. ಬಂದವನ ಕೈಹಿಡಿದು ಒಳಗೆ ಕರೆದುಕೊಂಡು ಹೋಗುವವರದು ಇನ್ನೊಂದು. ಮೊದಲನೆಯವರ ಆಟ ನಾಲ್ಕು ಜನ ಹುಚ್ಚರಿಗೆ ಮಾತ್ರ ಹಿಡಿಸುತ್ತದೆ. ಎರಡನೆಯವರದು ಎಲ್ಲರಿಗೂ ಹಿಡಿಸುತ್ತದೆ, ಬೇಗ ಬೇಸರವೂ ಆಗುತ್ತದೆ.

ಇದು ಹೊಸ ಜಗಳವೇನಲ್ಲ. ಅಹಮದಾಬಾದಿನ ಹಳೆಯ ಪೇಟೆಯಲ್ಲಿ ಒಬ್ಬ ಜೈನ ಗೃಹಸ್ಥರ ಮನೆಯ ಗೋಡೆಯ ಮೇಲೆ ಬಟ್ಟೆಯಲ್ಲಿ ಬಿಡಿಸಿದ ಹಾವು ಏಣಿಯ ಪಟ ನೋಡಿದ್ದೆ. ಕೋಪಕ್ಕೊಂದು ಹಾವು, ಲೋಭಕ್ಕೊಂದು ಹಾವು, ದಾನಕ್ಕೊಂದು ಏಣಿ, ತಪಸ್ಸಿಗೊಂದು ಏಣಿ, ತುತ್ತತುದಿಯಲ್ಲಿ ಮೋಕ್ಷ. ಕರ್ಮಸಿದ್ಧಾಂತವೆಲ್ಲ ಅದರಲ್ಲಿದೆ, ಆಡಲು ಮಾತ್ರ ಒಂದು ದಾಳ ಸಾಕು, ಎಂಟು ವರ್ಷದ ಮಗುವೂ ಆಡಬಹುದು. ನಮ್ಮೂರ ಚೆನ್ನೆಮಣೆಯೂ ಹಾಗೆಯೇ, ಕೆಲವು ಗುಳಿ, ಒಂದು ಹಿಡಿ ಬೀಜ. ಆದರೂ ಅಜ್ಜಿಯನ್ನು ಸೋಲಿಸಿದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಒಳ್ಳೆಯ ಆಟಕ್ಕೆ ಬಾಗಿಲು ಅಗಲವಿರಬೇಕು, ಒಳಗೆ ಕೋಣೆಗಳು ಬೇಕಾದಷ್ಟಿರಬೇಕು ಎಂದು ನಾನು ಕಂಡುಕೊಂಡೆ. ಕಂಡುಕೊಂಡು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ನಾನೇ ಒಂದು ಆಟ ಬರೆಯಲು ಕೂತೆ.

ಬರೆಸಿದವರು ಭಾವ, ನನ್ನ ಅಕ್ಕನ ಗಂಡ. ಉಡುಪಿ ಕಡೆಯಿಂದ ಬಂದು ಸೂರತ್ತಿನ ವರಾಛಾದಲ್ಲಿ ಹೋಟೆಲಿಟ್ಟವರು. ಕೆಳಗೆ ಹೋಟೆಲು, ಮೇಲೆ ಮನೆ. ಸುತ್ತಲಿನ ವಜ್ರದ ಕಾರ್ಖಾನೆಗಳಲ್ಲಿ ದಿನವಿಡೀ ಬಗ್ಗಿ ಕೂತು ಹರಳು ತಿಕ್ಕುವವರೆಲ್ಲ ಅವರ ದೋಸೆಯ ಗಿರಾಕಿಗಳು. ಅಂಥ ಭಾವನ ಎರಡೂ ಮೂತ್ರಪಿಂಡ ಕೈಕೊಟ್ಟವು. ಅಹಮದಾಬಾದಿನ ದೊಡ್ಡ ಡಾಕ್ಟರು ನೋಡಿ, ಹೃದಯ ದುರ್ಬಲವಾಗಿದೆ, ಬೇರೆಯವರ ಮೂತ್ರಪಿಂಡ ಕೂರಿಸುವುದು ಆಗದ ಮಾತು ಎಂದರು. ಉಳಿದದ್ದು ಡಯಾಲಿಸಿಸ್. ಭಾವ ಅದನ್ನು ಮೆಷಿನು ಎನ್ನುತ್ತಿದ್ದರು. ಮಂಗಳವಾರ, ಶನಿವಾರ ವಡೋದರಾದ ಆಸ್ಪತ್ರೆಯಲ್ಲಿ ಅವರ ಸರದಿ. ಹಿಂದಿನ ಸಂಜೆಯ ಗಾಡಿಗೆ ಅಕ್ಕ, ಭಾವ ನನ್ನ ಮನೆಗೆ ಬರುತ್ತಿದ್ದರು.

ಸೂರತ್ತಿನಲ್ಲಿಯೇ ಏಕೆ ಮಾಡಿಸಲಿಲ್ಲ ಎಂದು ನೀವು ಕೇಳಬಹುದು. ಅದಕ್ಕೆ ಹೋಟೆಲಿನವರ ಲೋಕ ಗೊತ್ತಿರಬೇಕು. ಯಜಮಾನ ಇನ್ನು ಹೆಚ್ಚು ದಿನ ಇಲ್ಲ ಎಂಬ ಸುದ್ದಿ ಒಂದು ಹೋಟೆಲಿನಿಂದ ಹೊರಬಿದ್ದರೆ ಸಂಜೆಯೊಳಗೆ ಊರಿನ ಎಲ್ಲ ಉಡುಪಿ ಹೋಟೆಲುಗಳ ಅಡುಗೆಮನೆಗೂ ತಲುಪುತ್ತದೆ. ಒಳ್ಳೆಯ ಅಡುಗೆಭಟ್ಟನನ್ನು ಎಳೆದುಕೊಳ್ಳಲು ಪಕ್ಕದ ಬಡಾವಣೆ ಕತಾರ್‌ಗಾಮಿನಲ್ಲಿ ಒಬ್ಬರು ಕಾದೇ ಇದ್ದರು. ಭಟ್ಟ ಹೋದರೆ ಹೋಟೆಲು ಹೋದಂತೆ. ಹಾಗಾಗಿ ಭಾವನಿಗೆ ಮೈಯಲ್ಲಿ ಹುಷಾರಿಲ್ಲ ಎಂದಷ್ಟೇ ಕೆಲಸದವರಿಗೆ ಗೊತ್ತಿತ್ತು, ಮೆಷಿನಿನ ವಿಷಯ ಗೊತ್ತಿರಲಿಲ್ಲ. ವಾರಕ್ಕೆ ಎರಡೆರಡು ಸಲ ವಡೋದರಾಕ್ಕೆ ಏಕೆ ಹೋಗುತ್ತೀರಿ ಎಂದರೆ, ತಮ್ಮನಿಗೆ ಹೆಣ್ಣು ನೋಡಲು ಎಂದು ಅಕ್ಕ ಹೇಳಿಬಿಟ್ಟಿದ್ದಳು. ಗುಜರಾತಿನ ಅಷ್ಟೂ ಉಡುಪಿ ಹೋಟೆಲುಗಳಲ್ಲಿ ನಾನು ಯಾವ ಹೆಣ್ಣನ್ನೂ ಒಪ್ಪದ ಮಹಾ ಗರ್ವಿಷ್ಠ ಎಂದು ಹೆಸರಾದೆ. ಹುಬ್ಬು ಸರಿಯಿಲ್ಲ ಎಂದು ಒಬ್ಬಳನ್ನು ಬಿಟ್ಟೆನಂತೆ. ನಿಜ ಹೇಳಬೇಕೆಂದರೆ ಆಗ ನನ್ನನ್ನು ಯಾರಾದರೂ ಒಪ್ಪಿದ್ದರೆ ಅವಳ ಹುಬ್ಬಿನ ಕಡೆ ನೋಡುವ ಧೈರ್ಯ ನನಗಿರಲಿಲ್ಲ.

ಭಾವನ ನಂತರ ಹೋಟೆಲು ಅಕ್ಕನದೇ. ಮಗಳಿನ್ನೂ ಊರಿನ ಹಾಸ್ಟೆಲಿನಲ್ಲಿ ಶಾಲೆ ಓದುತ್ತಿದ್ದಳು. ಆದರೆ ಅಕ್ಕ ಅಷ್ಟು ವರ್ಷ ಮೇಲಿನ ಮನೆಯಲ್ಲಿದ್ದರೂ ಒಂದು ದಿನ ಹಣ ತೆಗೆದುಕೊಳ್ಳುವ ಗಲ್ಲೆಯ ಮೇಲೆ ಕೂತವಳಲ್ಲ. ಮನೆಯ ಹೆಂಗಸರು ಕೆಳಗೆ ಬರುವುದು ಅಲ್ಲಿ ರೂಢಿಯೇ ಇರಲಿಲ್ಲ. ಈಗ ಕಲಿಸೋಣವೆಂದು ಕೂರಿಸಿದರೆ ಅಂದೇ ಗುಟ್ಟು ರಟ್ಟು. ಮನೆಯಲ್ಲಿ ಕೂರಿಸಿ ಬಾಯಿಮಾತಿನಲ್ಲಿ ಹೇಳಿಕೊಡೋಣವೆಂದರೆ, ಏಕೆ ಕಲಿಸುತ್ತಿದ್ದೇನೆ ಎಂಬುದನ್ನೂ ಹೇಳಬೇಕು. ಅದನ್ನು ಹೇಳಲು ಭಾವನಿಗೆ ಬಾಯಿಯಿರಲಿಲ್ಲ, ಕೇಳಲು ಅಕ್ಕನಿಗೆ ಕಿವಿಯಿರಲಿಲ್ಲ.

ಒಂದು ಸಂಜೆ ನನ್ನ ವಿಮಾನ ಹುಲ್ಲು ಮೇಯುವುದನ್ನು ನೋಡುತ್ತ ಕೂತಿದ್ದ ಭಾವ ಕೇಳಿದರು: “ರಘು, ಇದೇ ರೀತಿ ಒಂದು ಹೋಟೆಲು ಮಾಡ್ಲಿಕ್ಕೆ ಆಗ್ತದಾ? ಸುಮ್ಮನೆ. ಇವಳಿಗೆ ಹೊತ್ತು ಹೋಗ್ಲಿಕ್ಕೆ.”

ಹೊತ್ತು ಹೋಗಲಿಕ್ಕೆ ಅಲ್ಲವೆಂದು ಮೂವರಿಗೂ ಗೊತ್ತಿತ್ತು. ಮೂವರೂ ಗೊತ್ತಿಲ್ಲದವರ ಹಾಗೆ ನಕ್ಕೆವು.

ತರಬೇತಿಯಲ್ಲಿ ಕಲಿತ ಬೇಸಿಕ್ ಭಾಷೆಯಲ್ಲಿ ನಾನು ಹೋಟೆಲು ಕಟ್ಟಿದೆ. ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟೇ. ಬೆಳಿಗ್ಗೆ ಎಷ್ಟು ಅಕ್ಕಿ, ಎಷ್ಟು ಉದ್ದು ನೆನೆಹಾಕುತ್ತೀರಿ, ಯಾರಿಗೆ ರಜೆ ಕೊಡುತ್ತೀರಿ, ಗ್ಯಾಸ್ ಸಿಲಿಂಡರ್ ತರಿಸಬೇಕೇ ಎಂದು ಅದು ಕೇಳುತ್ತದೆ. ಉತ್ತರಿಸಿದರೆ ಸಂಜೆ ಏನಾಯಿತೆಂದು ಹೇಳುತ್ತದೆ. ಒಂದು ವರ್ಷ ಮುಳುಗದೆ ನಡೆಸಿದರೆ ಗೆದ್ದಂತೆ. ಬಾಗಿಲು ಅಗಲವಾಗಿಯೇ ಇಟ್ಟಿದ್ದೆ. ಹಬ್ಬಕ್ಕೆ ಜನ ಹೆಚ್ಚು ತಿನ್ನುತ್ತಾರೆಂದು ದೀಪಾವಳಿಗೆ ಭರ್ಜರಿ ವ್ಯಾಪಾರ ಇಟ್ಟಿದ್ದೆ. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು.

“ದೀಪಾವಳಿಗೆ ವರಾಛಾದಲ್ಲಿ ಯಾರಿರ್ತಾರೆ ಮಾರಾಯ? ವಜ್ರದವರೆಲ್ಲ ಸೌರಾಷ್ಟ್ರಕ್ಕೆ, ಅವರ ಊರಿಗೆ ಹೋಗ್ತಾರೆ. ರಸ್ತೆಯಲ್ಲಿ ನಾಯಿ ಸಹ ಇರುವುದಿಲ್ಲ. ಆ ತಿಂಗಳು ಯಾರು ಉಳೀತಾನೋ ಅವನೇ ಹೋಟೆಲಿನವ.”

ಅಲ್ಲಿಂದ ಶುರುವಾಯಿತು. ಜೈನರ ಪರ್ಯೂಷಣ ವ್ರತದ ದಿನಗಳಲ್ಲಿ ಈರುಳ್ಳಿ ಬೆಳ್ಳುಳ್ಳಿಯಿಲ್ಲದ ಸಾಂಬಾರು ಬೇರೆಯೇ ಇಡಬೇಕು, ಹಾಕು. ಜನವರಿಯ ಚಳಿಯಲ್ಲಿ ಹಿಟ್ಟು ಹುಳಿ ಬರುವುದಿಲ್ಲ, ಮೇ ತಿಂಗಳಲ್ಲಿ ಬೇಡವೆಂದರೂ ಬರುತ್ತದೆ, ಹಾಕು. ಎರಡನೇ ಭಟ್ಟನನ್ನು ಹೊಗಳಿದರೆ ದೊಡ್ಡ ಭಟ್ಟ ಎರಡು ದಿನ ಮುಖ ಊದಿಸಿಕೊಂಡಿರುತ್ತಾನೆ, ಅದನ್ನೂ ಹಾಕು. ನವರಾತ್ರಿಯಲ್ಲಿ ಗರ್ಬಾ ಮುಗಿಸಿದವರು ದಂಡುಗಟ್ಟಿ ಬರುತ್ತಾರೆ. ಭಾನುವಾರ ಸಂಜೆ ಊರಿನಲ್ಲಿ ಯಾರ ಮನೆಯಲ್ಲೂ ಒಲೆ ಹಚ್ಚುವುದಿಲ್ಲ. ವಜ್ರದ ಪೇಟೆಯಲ್ಲಿ ವ್ಯಾಪಾರ ಬಿದ್ದರೆ ದೋಸೆ ತಿನ್ನುತ್ತಿದ್ದವರು ಇಬ್ಬರಿಗೊಂದು ಚಹಾ ಕುಡಿದು ಎದ್ದುಹೋಗುತ್ತಾರೆ. ಅವರು ಹೇಳಿದ್ದನ್ನೆಲ್ಲ ಹಾಕುತ್ತ ಹೋದರೆ ನನ್ನ ಆಟ ವಿಮಾನದ ಅಣ್ಣನಾಗುತ್ತಿತ್ತು. ನಾನು ವಾದಿಸಿದೆ. ಹೊಸಬರು ಮೊದಲ ವಾರವೇ ಮುಳುಗಿದರೆ ಏನು ಕಲಿತಾರು? ಕೈಹಿಡಿದು ನಡೆಸಬೇಕು. “ನನ್ನನ್ನು ಯಾರು ಕೈಹಿಡಿದು ನಡೆಸಿದ್ದಾರೆ?” ಎನ್ನುತ್ತಿದ್ದರು ಭಾವ. ಆದರೂ ಅವರು ಆ ಕಡೆ ಸೂರತ್ತಿಗೆ ಹೊರಟ ಮೇಲೆ ನಾನು ಕದ್ದು ಕೆಲವನ್ನು ಮೆತ್ತಗೆ ಮಾಡಿಬಿಡುತ್ತಿದ್ದೆ. ದೊಡ್ಡ ಭಟ್ಟನ ಸಿಟ್ಟನ್ನು ಅರ್ಧಕ್ಕೆ ಇಳಿಸಿದ್ದೆ.

ಇಷ್ಟಾಗಿಯೂ ಅಕ್ಕ ಸೋಲುತ್ತಿದ್ದಳು. ಸೋಮವಾರ ಒಂದು ಹೋಟೆಲು ಮುಳುಗಿಸಿದರೆ ಶುಕ್ರವಾರ ಇನ್ನೊಂದು. ಒಂದು ಸಲ ಗ್ಯಾಸ್ ತರಿಸಲು ಮರೆತಳು, ಒಂದು ಸಲ ಭಟ್ಟನ ಜೊತೆ ಜಗಳ ಮಾಡಿ ಅವನನ್ನು ಕಳಿಸಿಯೇ ಬಿಟ್ಟಳು, ಮತ್ತೊಂದು ಸಲ ಖಾಲಿ ಊರಿನಲ್ಲಿ ದೀಪಾವಳಿಗೆ ಗೋಣಿಗಟ್ಟಲೆ ಉದ್ದು ನೆನೆಹಾಕಿದಳು. ಭಾವ ತಲೆ ಚಚ್ಚಿಕೊಂಡು ಎದ್ದು ಬಂದು, ಅವಳ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಮತ್ತೆ ಮೊದಲಿನಿಂದ ಹೇಳಿಕೊಡುತ್ತಿದ್ದರು. ಬೈಯುವಾಗ ಅವರ ಬಿಳಿಚಿದ ಮುಖಕ್ಕೆ ಬಣ್ಣ ಬರುತ್ತಿತ್ತು.

ಮಂಗಳವಾರ ಆಸ್ಪತ್ರೆಗೆ ಜೊತೆಯಲ್ಲಿ ಅಕ್ಕ ಹೋಗುತ್ತಿದ್ದಳು. ಶನಿವಾರ ಬ್ಯಾಂಕು ಅರ್ಧ ದಿನ, ಆದ್ದರಿಂದ ಮಧ್ಯಾಹ್ನದ ಸರದಿಗೆ ಅವರ ಜೊತೆ ನಾನು ಹೋಗುತ್ತಿದ್ದೆ. ವಾರ್ಡಿನಲ್ಲಿ ಒಬ್ಬರಿಗೆ ಮಾತ್ರ ಕೂರಲು ಬಿಡುತ್ತಿದ್ದುದರಿಂದ ಅಕ್ಕ ಮನೆಯಲ್ಲಿರುತ್ತಿದ್ದಳು. ಒಂದು ಶನಿವಾರ, ರಕ್ತ ಕೊಳವೆಯಲ್ಲಿ ಹೊರಗೆ ಹೋಗಿ ಒಳಗೆ ಬರುತ್ತಿದ್ದುದನ್ನು ನೋಡುತ್ತ ಮಲಗಿದ್ದ ಭಾವ, ಹವಾಮಾನದ ಬಗ್ಗೆ ಮಾತಾಡುವ ಹಾಗೆ ಹೇಳಿದರು: “ಅವಳು ಒಂದು ವರ್ಷ ಆ ಹೋಟೆಲನ್ನು ಮುಳುಗಿಸದೆ ನಡೆಸಿ ತೋರಿಸ್ಲಿ. ಮತ್ತೆ ನಾನು ಇಲ್ಲಿಗೆ ಬರುವುದಿಲ್ಲ ರಘು. ಆಗುವುದಿಲ್ಲ ನನ್ನಿಂದ. ಅಷ್ಟರವರೆಗೆ ಬರ್ತೇನೆ.”

“ಅಕ್ಕನಿಗೆ ಹೇಳಿದ್ದೀರಾ ಭಾವ?”

“ಹೇಳ್ಲಿಕ್ಕೆ ಎಂತ ಉಂಟು ಅದರಲ್ಲಿ?”

ಮೆಷಿನು ಬಿಟ್ಟರೆ ಎಷ್ಟು ದಿನ ಎಂದು ಆ ವಾರ್ಡಿನಲ್ಲಿ ಕೂತವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಕ್ಕ ಬೇಗ ಕಲಿಯಲಿ ಎಂದು ನಾನು ಮೆತ್ತಗೆ ಮಾಡಿದ್ದೇನು, ಅಗಲ ಮಾಡಿದ್ದೇನು! ಬಾಗಿಲು ಅಗಲವಾದಷ್ಟೂ ಭಾವ ಅದರಿಂದ ಬೇಗ ಹೊರಗೆ ಹೋಗುವವರು. ಅಂದು ಸಂಜೆ ಅವರು ಮಲಗಿದ ಮೇಲೆ ಕೀಲಿಮಣೆಯ ಮುಂದೆ ಕೂತೆ. ದೊಡ್ಡ ಭಟ್ಟನ ಸಿಟ್ಟನ್ನು ಇಮ್ಮಡಿ ಮಾಡಿದೆ. ಅಡುಗೆಮನೆಗೆ ಇಲಿ ಬಿಟ್ಟೆ. ನೀರಿನ ಟ್ಯಾಂಕರು ತಡಮಾಡಿತು, ರುಬ್ಬುವ ಯಂತ್ರ ಸುಟ್ಟಿತು, ಸಪ್ಲೈಯರುಗಳು ಒಟ್ಟಿಗೆ ಊರಿಗೆ ಹೊರಟರು, ಗಿರಾಕಿಯ ಸಾಂಬಾರಿನಲ್ಲಿ ಜಿರಲೆ ಬಿತ್ತು. ಕೈಹಿಡಿದು ನಡೆಸುವ ಪಂಗಡವನ್ನು ಒಂದೇ ಸಂಜೆಗೆ ಬಿಟ್ಟು ಎದುರು ಪಂಗಡ ಸೇರಿದೆ.

ತಮಾಷೆಯೆಂದರೆ ಈಗ ಭಾವ ನನ್ನ ಹಳೆಯ ಜಾಗಕ್ಕೆ ಬಂದರು. “ಇಷ್ಟು ಕಷ್ಟ ಯಾವ ಹೋಟೆಲಿನಲ್ಲಿ ಉಂಟು ಮಾರಾಯ? ಹೆಂಗಸು ಪಾಪ, ಸ್ವಲ್ಪ ಸುಲಭ ಮಾಡು” ಎನ್ನತೊಡಗಿದರು. ನಾನು ಗಂಭೀರವಾಗಿ, ಆಟವೆಂದ ಮೇಲೆ ನಿಜಕ್ಕೆ ಹತ್ತಿರವಿರಬೇಕು ಭಾವ, ಎಂದೆ. ಅವರದೇ ವಾದವನ್ನು ಅವರಿಗೇ ಬಡಿಸಿದೆ. ಅಕ್ಕ ಮಾತ್ರ ಇಬ್ಬರ ಜಗಳದ ನಡುವೆ ನೆಮ್ಮದಿಯಾಗಿ ಕೂತು ಹೋಟೆಲು ಮುಳುಗಿಸುತ್ತಿದ್ದಳು. ನನ್ನ ಇಲಿ, ಜಿರಲೆಗಳೇ ಅವಳನ್ನು ಸೋಲಿಸುತ್ತಿವೆ ಎಂದು ನಾನು ಒಳಗೊಳಗೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಇನ್ನೊಂದು ಶನಿವಾರ ಮೆಷಿನಿನಲ್ಲಿರುವಾಗ ಭಾವನಿಗೆ ನಡುಕ ಬಂತು. ಶಾಲು ತರಲೆಂದು ಸ್ಕೂಟರಿನಲ್ಲಿ ಮನೆಗೆ ಓಡಿದೆ. ಅಕ್ಕ ಕಂಪ್ಯೂಟರಿನ ಮುಂದೆ ಕೂತು, ಒಂದು ಕೈಯಲ್ಲಿ ಒಗ್ಗರಣೆ ಅವಲಕ್ಕಿ ತಿನ್ನುತ್ತ, ಇನ್ನೊಂದು ಕೈಯಲ್ಲಿ ಹೋಟೆಲು ನಡೆಸುತ್ತಿದ್ದಳು. ದೀಪಾವಳಿ ಕಳೆದಿತ್ತು. ಇಲಿ ಬಂದು ಹೋಗಿತ್ತು. ಭಟ್ಟ ಸಮಾಧಾನದಲ್ಲಿದ್ದ. ಹಿಟ್ಟು ಸರಿಯಿತ್ತು. ನಾನು ಬಾಯಿ ತೆರೆದುಕೊಂಡು ನಿಂತೆ. ಅವಳು ತಿರುಗಿ ನೋಡಿ, ಗಾಬರಿಯಾಗದೆ, ಆಟವನ್ನು ಅಲ್ಲಿಗೇ ನಿಲ್ಲಿಸಿದಳು.

“ಇವರಿಗೆ ಹೇಳ್ಬೇಡ.”

“ಭಾವ ನಿನಗೆ ಹೇಳಿದ್ರಾ?”

“ಹೇಳ್ಬೇಕಾ? ನಾನು ಸೋತ ದಿನ ಮುಂದಿನ ವಾರ ಯಾವ ಗಾಡಿಗೆ ಬರುವುದು ಅಂತ ಮಾತಾಡ್ತಾರೆ. ಗೆಲ್ಲುವ ಹಾಗೆ ಕಂಡ್ರೆ ಸುಮ್ಮನಾಗ್ತಾರೆ. ಹಾಗೆ ಸುಮ್ಮನಾದಾಗ ನನಗೆ ಹೆದರಿಕೆ ಆಗ್ತದೆ ರಘು.” ತಟ್ಟೆ ಕೆಳಗಿಟ್ಟು, “ಶಾಲು ಕಪಾಟಿನ ಮೇಲೆ ಉಂಟು, ತಗೊಂಡು ಹೋಗು” ಎಂದಳು.

ಆಮೇಲಿನ ತಿಂಗಳುಗಳಲ್ಲಿ ನಾನು ಆಟಗಳ ಬಗ್ಗೆ ಕಲಿತದ್ದು ಯಾವ ಕೈಪಿಡಿಯಲ್ಲೂ ಇಲ್ಲ. ಗೆಲ್ಲಲು ಬಂದವರು ಸೋಲುವುದು ದೊಡ್ಡದಲ್ಲ. ಗೆಲ್ಲಲು ಗೊತ್ತಿದ್ದೂ, ಪಕ್ಕದಲ್ಲಿ ಕೂತ ಹಳೆಯ ಹೋಟೆಲಿನವನಿಗೆ ಅನುಮಾನ ಬಾರದಂತೆ ಸೋಲುವುದು ಬಹಳ ಜಟಿಲವಾದ ಕೆಲಸ. ಒಂದು ತಪ್ಪನ್ನು ಅಕ್ಕ ಎರಡು ಸಲ ಮಾಡುತ್ತಿರಲಿಲ್ಲ. ಮಾಡಿದರೆ ದಡ್ಡಿಯೆಂದು ಭಾವ ಕೈಬಿಟ್ಟಾರು. ಸ್ವಲ್ಪ ಕಲಿತ ಹಾಗೆ ಕಾಣಬೇಕು, ಇನ್ನೂ ಸ್ವಲ್ಪ ಉಳಿದ ಹಾಗೂ ಕಾಣಬೇಕು. ಭಾವ ಬೈಯುತ್ತಿದ್ದರು, ವಿವರಿಸುತ್ತಿದ್ದರು, ಮತ್ತೆ ಮೆಷಿನಿಗೆ ಹೋಗುತ್ತಿದ್ದರು. ನಾನು ಹೊಸ ಹೊಸ ಸಂಕಷ್ಟಗಳನ್ನು ಬರೆದು ಅಕ್ಕನಿಗೆ ಒದಗಿಸುತ್ತಿದ್ದೆ. ಒಬ್ಬ ಮನುಷ್ಯನ ಆಯುಷ್ಯವನ್ನು ಜಿರಲೆಯಿಂದ, ಗ್ಯಾಸ್ ಸಿಲಿಂಡರಿನಿಂದ ಹಿಗ್ಗಿಸುತ್ತಿದ್ದೇವೆ ಎಂಬ ಹುಚ್ಚು ನಂಬಿಕೆ ನಮ್ಮಿಬ್ಬರಿಗೂ ಬಂದಿತ್ತು.

ಹಿಗ್ಗಿದ್ದು ಎಂಥ ಆಯುಷ್ಯ ಎಂದು ಬೇಸಿಗೆಯಲ್ಲಿ ಗೊತ್ತಾಯಿತು. ಮೆಷಿನಿಗೆ ಕೂರಿಸಿದ ಅರ್ಧಕ್ಕೇ ರಕ್ತದೊತ್ತಡ ಕುಸಿಯುತ್ತಿತ್ತು. ಕಾಲಿನ ಮಾಂಸಖಂಡ ಹಿಡಿದುಕೊಂಡು ಅವರು ಕೂಗುವುದು ವರಾಂಡಕ್ಕೆ ಕೇಳುತ್ತಿತ್ತು. ಕೈಯಲ್ಲಿ ಸೂಜಿ ಚುಚ್ಚಲು ಜಾಗ ಉಳಿದಿರಲಿಲ್ಲ. ಮೈಯೆಲ್ಲ ತುರಿಕೆ. ವಡೋದರಾದ ಆ ಸುಡುವ ಮೇ ತಿಂಗಳಲ್ಲಿ, ಕುಡಿದ ನೀರು ಹೊರಗೆ ಹೋಗದ ಮೈಗೆ ದಿನಕ್ಕೆ ಅಳತೆಯ ನೀರು ಮಾತ್ರ, ಪುಟ್ಟ ಲೋಟದಲ್ಲಿ ಅಕ್ಕ ಅಳೆದಳೆದು ಕೊಡಬೇಕು. ಅವರು ಬಾಯಿಯೊಳಗೆ ಏಲಕ್ಕಿ ಇಟ್ಟುಕೊಂಡು ನಲ್ಲಿಯ ಕಡೆ ನೋಡುತ್ತ ಕೂತಿರುತ್ತಿದ್ದರು. ಒಂದು ಮಂಗಳವಾರ ಮೆಷಿನನ್ನು ನಡುವೆಯೇ ನಿಲ್ಲಿಸಬೇಕಾಯಿತು, ಸುದ್ದಿ ತಿಳಿದು ನಾನೂ ಬ್ಯಾಂಕಿನಿಂದ ಓಡಿದೆ. ಅಂದು ಅಕ್ಕ ವಾರ್ಡಿನಿಂದ ಹೊರಗೆ ಬಂದವಳು ಬೇಸಿನ್ನಿನಲ್ಲಿ ಬಹಳ ಹೊತ್ತು ಮುಖ ತೊಳೆದುಕೊಂಡಳು.

ಆ ಶುಕ್ರವಾರ ಸಂಜೆ ಬಂದವಳೇ, ಕೈಚೀಲ ಕೆಳಗಿಟ್ಟು, “ರಘು, ಅದನ್ನು ಹಾಕು” ಎಂದಳು.

“ಯಾವುದು? ಮೊದಲಿನ ಸುಲಭದ್ದಾ?”

“ಕಷ್ಟದ್ದು.”

ಭಾವ ದಿಂಬಿಗೆ ಒರಗಿ ನೋಡುತ್ತಿದ್ದರು. ಅಕ್ಕ ಆಡಿದಳು. ಸಂಕ್ರಾಂತಿಯ ಗಾಳಿಪಟದ ದಿನ ಹೋಟೆಲು ಅರ್ಧ ಹೊತ್ತು ಮುಚ್ಚಿದಳು. ಬೇಸಿಗೆಯಲ್ಲಿ ಹಿಟ್ಟನ್ನು ಎರಡು ಸಲ ರುಬ್ಬಿಸಿದಳು. ಪರ್ಯೂಷಣದ ಸಾಂಬಾರಿಗೆ ಬೇರೆ ಪಾತ್ರೆ ತರಿಸಿದಳು. ಭಾವ ಮೊದಮೊದಲು ನಡುವೆ ಮಾತಾಡುತ್ತಿದ್ದವರು ನವರಾತ್ರಿಯ ಹೊತ್ತಿಗೆ ಮೌನವಾದರು. ದೀಪಾವಳಿಗೆ ಅಕ್ಕ ಕೆಲಸದವರನ್ನು ಎರಡು ಪಾಳಿ ಮಾಡಿ ಊರಿಗೆ ಕಳಿಸಿದಳು, ದೊಡ್ಡ ಭಟ್ಟನನ್ನು ಮೊದಲನೇ ಪಾಳಿಯಲ್ಲಿ. ಅವನು ಹಿಂದಿರುಗಿ ಬಂದ.

“ಸಾಕು” ಎಂದರು ಭಾವ ಇದ್ದಕ್ಕಿದ್ದಂತೆ. “ಕಣ್ಣು ನೋಯ್ತದೆ ನಿನಗೆ. ನಾಳೆ ಆಡು.”

“ಆಗ್ತಾ ಬಂತು” ಎಂದಳು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ.

ವರ್ಷ ಮುಗಿಯಿತು. ಆಟ ಬರೆದ ಹೊಸತರಲ್ಲಿ, ಗೆದ್ದವರಿಗೆಂದು ತಮಾಷೆಗೆ ಒಂದು ಸಾಲು ಹಾಕಿ ನಾನೇ ಮರೆತುಬಿಟ್ಟಿದ್ದೆ. ಒಬ್ಬಳೇ ಆಡುವಾಗಲೂ ಅಕ್ಕ ಅಲ್ಲಿಯವರೆಗೆ ಹೋಗುತ್ತಿರಲಿಲ್ಲವಂತೆ. ನಮ್ಮ ಕಡೆ ಹೋಟೆಲಿನ ಕೆಲಸದವರು ಮಾಲೀಕರನ್ನು ಕರೆಯುವುದೇ ಧನಿ ಎಂದು. ಇಂಗ್ಲಿಷ್ ಅಕ್ಷರದಲ್ಲಿದ್ದ ಆ ಕನ್ನಡವನ್ನು ಭಾವ ಮುಂದಕ್ಕೆ ಬಾಗಿ, ಕೂಡಿಸಿ ಕೂಡಿಸಿ ಓದಿದರು: “ಹೋಟೆಲು ನಡೆಯುತ್ತಿದೆ. ನಮಸ್ಕಾರ ಧನಿಗಳೇ.”

ಅಕ್ಕನ ಬೆರಳು ಇನ್ನೂ ಕೀಲಿಯ ಮೇಲೆಯೇ ಇತ್ತು. ಭಾವ ಅವಳನ್ನೇ ನೋಡುತ್ತಿದ್ದರು. ಅವಳು ಇಷ್ಟು ದಿನ ಮಾಡಿದ್ದೇನು, ಇವತ್ತು ಮಾಡಿದ್ದೇನು, ಎರಡೂ ಅವರಿಗೆ ಆ ಕ್ಷಣ ತಿಳಿದಿರಬೇಕು. ಮೆಲ್ಲಗೆ ನಕ್ಕರು. ಹೆಂಡತಿಯನ್ನು ಬಹುವಚನದಲ್ಲಿ ಅವರು ಮಾತಾಡಿಸಿದ್ದು ನಾನು ಕೇಳಿದ್ದು ಅದೊಂದೇ ಸಲ.

“ಧನಿಗಳೇ, ಒಂದು ಲೋಟ ನೀರು ಕೊಡ್ತೀರಾ? ದೊಡ್ಡ ಲೋಟದಲ್ಲಿ.”

ಅಕ್ಕ ಎದ್ದುಹೋಗಿ ಹೂಜಿಯಿಂದ ಲೋಟ ತುಂಬಿಸಿ ತಂದುಕೊಟ್ಟಳು. ಭಾವ ಕಣ್ಣು ಮುಚ್ಚಿಕೊಂಡು, ಗುಟುಕು ಗುಟುಕಾಗಿ, ಪೂರ್ತಿ ಕುಡಿದರು. ಮರುದಿನ ಮಧ್ಯಾಹ್ನದ ಸರದಿಗೆ ನಿಲ್ಲದೆ ಬೆಳಿಗ್ಗೆಯೇ ಇಬ್ಬರೂ ಸೂರತ್ ಗಾಡಿ ಹತ್ತಿದರು.

ಸೋಮವಾರ ಮಧ್ಯಾಹ್ನ ಬ್ಯಾಂಕಿಗೆ ಫೋನು ಬಂತು. ಅಕ್ಕ.

“ಇವತ್ತು ಸಂಜೆ ಸ್ಟೇಷನ್ನಿಗೆ ಬರಬೇಡ ರಘು.”

ಹಿಂದೆ ತಟ್ಟೆ ಲೋಟಗಳ ಸದ್ದು. ಎಲ್ಲಿಂದ ಮಾತಾಡುತ್ತಿದ್ದೀ ಎಂದೆ. ಗಲ್ಲೆಯಿಂದ, ಎಂದಳು. ಅಷ್ಟರಲ್ಲಿ ಫೋನನ್ನು ಬದಿಗಿಟ್ಟು ಕನ್ನಡ, ಹಿಂದಿ, ಗುಜರಾತಿ ಮೂರನ್ನೂ ಕಲಸಿ ಯಾರನ್ನೋ ಬೈದಳು. ಮೇಜು ಒರೆಸಿರಲಿಲ್ಲವಂತೆ.

“ಭಾವ ಹೇಗಿದ್ದಾರೆ?”

“ಮೇಲೆ ಮಲಗಿದ್ದಾರೆ. ಬಾಗಿಲು ಹಾಕ್ಬೇಡ ಅಂದಿದ್ದಾರೆ. ಕೆಳಗಿನದ್ದು ಕೇಳ್ಬೇಕಂತೆ.”

ಆಮೇಲೆ ಅವಳು ಮತ್ತೆ ಬೈಯತೊಡಗಿದಳು, ಈ ಸಲ ಅಗತ್ಯಕ್ಕಿಂತ ಸ್ವಲ್ಪ ಜೋರಾಗಿ.